ಹಾಲಿನ ಸೀಸೆಯೂ ಹಾಲುಹಲ್ಲೂ

ನಂಜನಗೂಡಿನ ಹೆಸರೆತ್ತಿದೊಡನೆ ನಮ್ಮವರಿಗೆ ಶ್ರೀಕಂಠೇಶ್ವರನ ಗುಡಿಯೂ ರಸಬಾಳೆಯೂ ಹಲ್ಲುಪುಡಿಯೂ ನೆನಪಿಗೆ ಬರುತ್ತವೆ. 1913ರಲ್ಲಿ ಬಿ. ವಿ. ಪಂಡಿತರು ಅಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ಹಲ್ಲುಪುಡಿ ಹಲವು ತಲೆಮಾರುಗಳ ಕನ್ನಡಿಗರ ಬಾಯಿಗೆ ಪರಿಚಿತವಾದುದು. ಆದರೆ ಉಜ್ಜುವ ವಯಸ್ಸು ಇನ್ನೂ ಬಂದಿಲ್ಲವೆಂದು ಹಿರಿಯರು ಸುಮ್ಮನಿರುವ ಹಲ್ಲುಗಳೂ ಉಂಟು: ವರ್ಷ, ಒಂದೂವರೆ ವರ್ಷದ ಕೂಸಿನ ಮೇಲಿನ ಬಾಚಿಹಲ್ಲುಗಳು. ಇವು ಕಂದುಬಣ್ಣಕ್ಕೆ ತಿರುಗಿ, ಮಗುವಿಗೆ ಮೂರು ತುಂಬುವುದರೊಳಗೆ ಮುರಿದು ಮೋಟಾಗಿರುವುದುಂಟು. ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯವಿರುವ ಹೆಡತಲೆಯಂತಹ ಹಳ್ಳಿಯಾಗಲಿ, ಮೈಸೂರಿನ ಹೊಸ ಬಡಾವಣೆಯಾಗಲಿ, ಈ ವಿಷಯದಲ್ಲಿ ಭೇದವಿಲ್ಲ. ನಮ್ಮ ದೇಶದಲ್ಲಿ ನಡೆದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದರೆ, ಶಾಲೆಗೆ ಸೇರುವ ಮುನ್ನಿನ ವಯಸ್ಸಿನ ಮಕ್ಕಳಲ್ಲಿ ಸರಿಸುಮಾರು ಅರ್ಧದಷ್ಟು ಮಂದಿಗೆ ಹಲ್ಲಿನ ಹುಳುಕು ಇರುವುದು ಕಂಡುಬರುತ್ತದೆ.

‘ಹುಳುಕು’ ಎಂಬ ಮಾತಿನಲ್ಲಿಯೇ ಹುಳು ಅಡಗಿದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ನಮ್ಮದೊಂದೇ ಅಲ್ಲ. ಪ್ರಾಚೀನ ಬ್ಯಾಬಿಲೋನಿನವರಿಗೂ ಅದಿತ್ತು. ನೆಲಗುಳ್ಳದ ಬೀಜದ ಹೊಗೆ ಹಿಡಿಸಿ ಹುಳುವನ್ನು ಬೀಳಿಸುವ ಚಿಕಿತ್ಸೆಯೂ ಈ ನಂಬಿಕೆಯ ಕೂಸೇ. ಹುಳುವಿನ ಕಥೆಗೆ ನಿಜವಾದ ಪೆಟ್ಟು ಕೊಟ್ಟವನು ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ಡಬ್ಲ್ಯು. ಡಿ. ಮಿಲ್ಲರ್. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆ ಪಿಷ್ಟಗಳನ್ನು ಹುದುಗಿಸಿ ಆಮ್ಲವನ್ನು ಉತ್ಪತ್ತಿಮಾಡುತ್ತವೆ, ಆ ಆಮ್ಲವೇ ಹಲ್ಲನ್ನು ಕರಗಿಸುತ್ತದೆ ಎಂದು ಅವನು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. 1924ರಲ್ಲಿ ಕ್ಲಾರ್ಕ್ ಎಂಬಾತನು ಹುಳುಕುಹಲ್ಲಿನಿಂದ ‘ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್’ ಎಂಬ ಬಾಕ್ಟೀರಿಯವನ್ನು ಬೇರ್ಪಡಿಸಿದನು. ಆಮ್ಲ ತಯಾರಿಸುವವರ ಗುಂಪಿನಲ್ಲಿ ಇದಕ್ಕೆ ದೊಡ್ಡ ಪಾತ್ರವುಂಟು. ಹುಟ್ಟುವಾಗ ಮಗುವಿನ ಬಾಯಿಯಲ್ಲಿ ಇದು ಇರುವುದಿಲ್ಲ. ತಾಯಿಯೋ ಅಜ್ಜಿಯೋ ರುಚಿ ನೋಡಿದ ಚಮಚವನ್ನೇ ಮಗುವಿನ ಬಾಯಿಗಿಟ್ಟಾಗ, ಎಂಜಲಿನೊಡನೆ ಇದೂ ಪ್ರೀತಿಯಿಂದಲೇ ದಾಟಿಬರುತ್ತದೆ.

ಹಲ್ಲಿನ ಹೊರಕವಚವಾದ ಎನಾಮಲ್ ನಮ್ಮ ದೇಹದಲ್ಲೆಲ್ಲ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ಅದರ ಶೇಕಡ 96ರಷ್ಟು ಭಾಗ ಖನಿಜ, ಅಂದರೆ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಹರಳು. ಇಷ್ಟು ಗಟ್ಟಿಯಾದುದೂ ಆಮ್ಲಕ್ಕೆ ಸೋಲುತ್ತದೆ. ರಸಾಯನಶಾಸ್ತ್ರದ ಪಾಠದಲ್ಲಿ ನೀವು ಓದಿರುವ ಪಿಎಚ್ ಮಾನದಲ್ಲಿ ತಟಸ್ಥ ದ್ರವದ ಅಂಕಿ 7. ಹಲ್ಲಿಗೆ ಅಂಟಿದ ಲೋಳೆಪೊರೆಯಲ್ಲಿ ಈ ಅಂಕಿ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲಿನ ಖನಿಜ ಕರಗತೊಡಗುತ್ತದೆ. ಸಕ್ಕರೆಯ ನೀರಿನಿಂದ ಬಾಯಿ ಮುಕ್ಕಳಿಸಿದರೆ ಕೆಲವೇ ನಿಮಿಷಗಳಲ್ಲಿ ಅದು ಹಾಗೆ ಇಳಿಯುವುದನ್ನೂ, ಅನಂತರ ಅರ್ಧ ಗಂಟೆ, ಒಂದು ಗಂಟೆಯ ಅವಧಿಯಲ್ಲಿ ಮೆಲ್ಲಗೆ ಮೇಲೇರುವುದನ್ನೂ ರಾಬರ್ಟ್ ಸ್ಟೀಫನ್ 1940ರ ದಶಕದಲ್ಲಿ ಅಳೆದು ತೋರಿಸಿದನು. ಮೇಲೇರಿಸುವ ಕೆಲಸ ಜೊಲ್ಲಿನದು. ಜೊಲ್ಲು ಆಮ್ಲವನ್ನು ತೊಳೆಯುತ್ತದೆ, ತಣಿಸುತ್ತದೆ, ಕಳೆದುಹೋದ ಖನಿಜವನ್ನು ಅಷ್ಟಿಷ್ಟು ಹಿಂದಿರುಗಿಸುತ್ತದೆ. ಹೀಗೆ ಹಗಲೆಲ್ಲ ಹಲ್ಲಿನ ಮೇಲೆ ಜಮಾ ಖರ್ಚು ನಡೆಯುತ್ತಲೇ ಇರುತ್ತದೆ. ತೂಗಿನೋಡಬೇಕಾದುದು ಸಕ್ಕರೆಯ ಪ್ರಮಾಣವನ್ನು ಮಾತ್ರವಲ್ಲ, ಅದು ಹಲ್ಲಿಗೆ ತಾಗಿಕೊಂಡಿರುವ ಹೊತ್ತನ್ನು.

ಈಗ ರಾತ್ರಿಯ ದೃಶ್ಯವನ್ನು ನೋಡೋಣ. ತೊಟ್ಟಿಲಲ್ಲಿ ಮಗು ಹಟಮಾಡುತ್ತಿದೆ. ಸಕ್ಕರೆ ಬೆರೆಸಿದ ಹಸುವಿನ ಹಾಲನ್ನು ಸೀಸೆಗೆ ತುಂಬಿ, ರಬ್ಬರಿನ ತೊಟ್ಟನ್ನು ಬಾಯಿಗಿಟ್ಟರೆ ಅಳು ನಿಂತಿತು. ಮಗು ಹೀರುತ್ತಾ ಹೀರುತ್ತಾ ನಿದ್ದೆಹೋಯಿತು. ನಿದ್ದೆಯಲ್ಲಿ ನುಂಗುವುದು ಅಪರೂಪವಾಗುತ್ತದೆ. ಜೊಲ್ಲಿನ ಹರಿವು ತೀರ ಕಡಿಮೆಯಾಗುತ್ತದೆ. ಕೊನೆಯ ಗುಟುಕು ಮೇಲಿನ ಬಾಚಿಹಲ್ಲುಗಳ ಸುತ್ತ ಮಡುಗಟ್ಟಿ ನಿಲ್ಲುತ್ತದೆ. ಹಾಲಿನಲ್ಲಿರುವ ಲ್ಯಾಕ್ಟೋಸ್ ಸಕ್ಕರೆಯ ಮಟ್ಟಿಗೆ ಹೇಳುವುದಾದರೆ ಅದು ಅಷ್ಟೇನೂ ಕೇಡಿಗವಲ್ಲ. ನಾವು ಬೆರೆಸುವ ಕಬ್ಬಿನ ಸಕ್ಕರೆಯೇ ಹೆಚ್ಚಿನ ಕೇಡಿನದು. ಅದರಿಂದ ಬಾಕ್ಟೀರಿಯವು ಆಮ್ಲವನ್ನಷ್ಟೇ ಅಲ್ಲ, ಹಲ್ಲಿಗೆ ತಾನು ಅಂಟಿಕೊಳ್ಳಲು ಬೇಕಾದ ಗೋಂದನ್ನೂ ಮಾಡಿಕೊಳ್ಳುತ್ತದೆ. ಬೆಲ್ಲವೂ ಜೇನೂ ಈ ವಿಷಯದಲ್ಲಿ ಸಾಧುಗಳೇನಲ್ಲ. ನಡುರಾತ್ರಿ ಮಗು ಎದ್ದಾಗ ಮತ್ತೊಂದು ಸೀಸೆ. ಸ್ಟೀಫನ್ ಕಂಡ ಏರುವಿಕೆಗೆ ಅವಕಾಶವೇ ಇಲ್ಲ.

ಇಲ್ಲಿ ಸ್ವಾರಸ್ಯವಾದ ಸಂಗತಿಯೊಂದಿದೆ. ಮೇಲಿನ ನಾಲ್ಕು ಬಾಚಿಹಲ್ಲುಗಳು ಹಾಳಾಗಿದ್ದರೂ ಅವಕ್ಕೆ ಎದುರಾಗಿರುವ ಕೆಳಗಿನ ನಾಲ್ಕು ಸಾಮಾನ್ಯವಾಗಿ ಮುತ್ತಿನಂತಿರುತ್ತವೆ. ಹೀರುವಾಗ ನಾಲಗೆ ಮುಂದೆ ಚಾಚಿ ಕೆಳಹಲ್ಲುಗಳನ್ನು ಮುಚ್ಚಿಕೊಳ್ಳುತ್ತದೆ; ನಾಲಗೆಯ ಬುಡದಲ್ಲಿ ತೆರೆಯುವ ಜೊಲ್ಲಿನ ಗ್ರಂಥಿಗಳು ಅವನ್ನು ತೊಯ್ಯಿಸುತ್ತಿರುತ್ತವೆ. ಈ ಬಗೆಯ ಹುಳುಕನ್ನು ಗುರುತಿಸಲು ಇದು ನೆರವಾಗುತ್ತದೆ. 1962ರಲ್ಲಿ ಇಲಯಸ್ ಫಾಸ್ ಎಂಬ ಅಮೆರಿಕದ ದಂತವೈದ್ಯನು ಇದನ್ನು ವರ್ಣಿಸಿ, ಸೀಸೆಯ ಹೆಸರನ್ನೇ ಈ ರೋಗಕ್ಕೆ ಸೇರಿಸಿದನು. ಸೀಸೆಯನ್ನೇ ಕಾಣದ ಮಕ್ಕಳಲ್ಲಿಯೂ ಇದು ಬರಬಲ್ಲುದೆಂದು ತಿಳಿದ ಮೇಲೆ, ಈಗ ‘ಎಳೆತನದ ದಂತಕ್ಷಯ’ ಎಂಬರ್ಥದ ಹೆಸರು ಬಳಕೆಯಲ್ಲಿದೆ. ವರ್ಷ ತುಂಬಿ ಬೇರೆ ಸಿಹಿತಿನಿಸುಗಳನ್ನು ಕಲಿತ ಮಗು ರಾತ್ರಿಯೆಲ್ಲ ಮೊಲೆ ಚೀಪುತ್ತಿದ್ದರೆ ಅಲ್ಲಿಯೂ ಅಪಾಯವುಂಟು. ಹಾಗೆಂದು ತಾಯಿಯ ಹಾಲನ್ನು ಬಿಡಿಸಬಾರದು. ಎರಡು ವರ್ಷಗಳವರೆಗೂ, ಅದಕ್ಕೆ ಮೀರಿಯೂ ಅದನ್ನು ಮುಂದುವರಿಸಬೇಕೆಂಬುದೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಹಲ್ಲುಗಳನ್ನು ಶುಚಿಯಾಗಿಡುವುದಷ್ಟೇ ಉಪಾಯ.

ನಮ್ಮ ಅಜ್ಜಿಯರು ಕೂಸಿಗೆ ಒಳಲೆಯಿಂದ ಹಾಲು ಹಾಕುತ್ತಿದ್ದರು. ಮೂತಿಯುಳ್ಳ ಆ ಪುಟ್ಟ ಪಾತ್ರೆಯನ್ನು ಮಗುವಿನ ಕೈಗೆ ಕೊಟ್ಟು ಹೋಗುವಂತಿಲ್ಲ. ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದು ಎಚ್ಚರವಾಗಿರುವಾಗಲೇ ಗುಟುಕು ಗುಟುಕಾಗಿ ಕುಡಿಸಿ ಮುಗಿಸಬೇಕು. ಒಳಲೆ ಬರಿದಾದರೆ ಊಟ ಮುಗಿಯಿತು. ಹಲ್ಲಿನ ಯೋಚನೆ ಯಾರಿಗೂ ಇರಲಿಲ್ಲ; ಆದರೂ ಉಪಕರಣದ ರೂಪವೇ ಹೊತ್ತಿಗೆ ಮಿತಿಯನ್ನು ಹಾಕಿತ್ತು. ಈಗಲೂ ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಹಾಲುಣಿಸಲು ವೈದ್ಯರು ಇದನ್ನು ಬಳಸುವುದುಂಟು. ಹಾಲಿನ ಪುಡಿಯನ್ನೂ ಸೀಸೆಯನ್ನೂ ಸಾರಾಸಗಟಾಗಿ ಬೈಯುವುದು ಮಾತ್ರ ನ್ಯಾಯವಲ್ಲ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯದವರು ಆ ದಶಕದಲ್ಲಿಯೇ ಎಮ್ಮೆಯ ಹಾಲಿನಿಂದ ಶಿಶು ಆಹಾರವನ್ನು ತಯಾರಿಸುವ ವಿಧಾನವನ್ನು ಕಂಡುಹಿಡಿದರು. ತಾಯಿಯ ಹಾಲು ದೊರೆಯದ ಕೂಸುಗಳಿಗೆ ಇಂತಹ ಆಹಾರ ಆಸರೆಯೇ ಸರಿ. ಆದರೆ ಆಸರೆ ಚಟವಾಗಬಾರದೆಂದೇ 1992ರ ಕಾಯಿದೆಯು ಹಾಲಿನ ಸೀಸೆಗಳ ಜಾಹೀರಾತನ್ನು ನಿಷೇಧಿಸಿದೆ.

“ಹಾಲುಹಲ್ಲು ತಾನೆ, ಬಿದ್ದು ಬೇರೆ ಬರುತ್ತದೆ” ಎಂಬ ಸಮಾಧಾನ ಮನೆಮನೆಯಲ್ಲಿಯೂ ಕೇಳಿಬರುತ್ತದೆ. ಬಾಚಿಹಲ್ಲು ಆರು ಏಳನೆಯ ವಯಸ್ಸಿಗೆ ಬೀಳುವುದು ನಿಜ; ದವಡೆಯ ಹಾಲುಹಲ್ಲುಗಳಾದರೋ ಹತ್ತು ಹನ್ನೆರಡರವರೆಗೂ ಇರಬೇಕಾದವು. ಹುಳುಕು ಬಾಚಿಹಲ್ಲಿನಿಂದ ಅವಕ್ಕೂ ದಾಟುತ್ತದೆ. ಹಾಲುಹಲ್ಲಿನ ಎನಾಮಲ್ ತೆಳು. ಹುಳುಕು ಬೇಗನೆ ಒಳಗಿನ ನರಕ್ಕೆ ಮುಟ್ಟುತ್ತದೆ. ಎಲ್ಲಿ ನೋವೆಂದು ಹೇಳಲಾರದ ಮಗು ಊಟ ಬಿಡುತ್ತದೆ, ರಾತ್ರಿ ಅಳುತ್ತದೆ. ಅಳುವನ್ನು ನಿಲ್ಲಿಸಲು ಮನೆಯವರು ಕೊಡುವುದು ಮತ್ತೆ ಅದೇ ಸೀಸೆ! ಕೀವುಗಟ್ಟಿ ಮುಖ ಊದಿದರೆ ಆಸ್ಪತ್ರೆಗೇ ಓಡಬೇಕು. ದವಡೆಹಲ್ಲನ್ನು ಅಕಾಲದಲ್ಲಿ ಕಿತ್ತರೆ ಪಕ್ಕದ ಹಲ್ಲು ಜಾಗಕ್ಕೆ ಸರಿದು, ಮುಂದೆ ಬರುವ ಹಲ್ಲು ಸೊಟ್ಟಗಾಗುತ್ತದೆ.

ರೋಗವನ್ನು ಆರಂಭದಲ್ಲಿ ಕಾಣಲು ಯಂತ್ರವೇನೂ ಬೇಡ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಹಗಲ ಬೆಳಕಿನಲ್ಲಿ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ನೋಡಿರಿ. ವಸಡಿಗೆ ಒತ್ತಿಕೊಂಡು ಹಲ್ಲಿನ ಮೇಲೆ ಸೀಮೆಸುಣ್ಣದಂತಹ ಬಿಳಿಯ ಗೆರೆ ಕಂಡರೆ ಅದೇ ಮೊದಲ ಹೆಜ್ಜೆ. ಈ ಹಂತದಲ್ಲಿ ಎನಾಮಲ್ ಮುರಿದಿರುವುದಿಲ್ಲ. ದಂತವೈದ್ಯರು ಹಚ್ಚುವ ಫ್ಲೋರೈಡ್ ಲೇಪದಿಂದ ಅದನ್ನು ತಡೆಹಿಡಿಯಬಹುದು. ಗೆರೆ ಕಂದಾಗಿ ಕುಳಿಬಿದ್ದರೆ ಚಿಕಿತ್ಸೆ ಕಷ್ಟವಾಗುತ್ತದೆ. ಮೊದಲ ಹಲ್ಲು ಮೂಡಿದಂದಿನಿಂದಲೇ, ಅಕ್ಕಿಕಾಳಿನಷ್ಟು ಮಾತ್ರ ಫ್ಲೋರೈಡ್ ಪೇಸ್ಟಿನಿಂದ ಹಿರಿಯರೇ ಉಜ್ಜಬೇಕು. ಅದಕ್ಕಿಂತ ಹೆಚ್ಚು ಬೇಡ, ಏಕೆಂದರೆ ಮಗು ಉಗುಳಲರಿಯದು.

ಅಂಟಿಕೊಂಡ ಸೀಸೆಯನ್ನು ಬಿಡಿಸುವುದು ಹೇಗೆ? ವರ್ಷ ದಾಟಿ, ಹಗಲಿನಲ್ಲಿ ಅನ್ನ ಮುದ್ದೆಗಳನ್ನು ಉಣ್ಣುತ್ತಿರುವ ಮಗುವಾದರೆ, ಮಲಗುವ ಹೊತ್ತಿನ ಸೀಸೆಯಲ್ಲಿ ಮೊದಲು ಸಕ್ಕರೆಯನ್ನು ನಿಲ್ಲಿಸಬೇಕು. ಆಮೇಲೆ ಒಂದೆರಡು ವಾರಗಳಲ್ಲಿ ದಿನದಿನಕ್ಕೆ ಹಾಲನ್ನು ಕಡಿಮೆಮಾಡಿ ನೀರನ್ನು ಹೆಚ್ಚಿಸುತ್ತಾ ಬರಬೇಕು; ಕುಡಿಯಬೇಕಾದ ಹಾಲನ್ನು ಹಗಲಿನಲ್ಲಿ ಲೋಟದಲ್ಲಿ ಕೊಡಬೇಕು. ಕೊನೆಗೆ ಸೀಸೆಯಲ್ಲಿ ಉಳಿಯುವುದು ಕಾಯಿಸಿ ಆರಿಸಿದ ನೀರು. ಬರಿಯ ನೀರಿನ ಸೀಸೆಗಾಗಿ ಮಕ್ಕಳು ಸಾಮಾನ್ಯವಾಗಿ ಬಹುದಿನ ಹಟಮಾಡುವುದಿಲ್ಲ.