ಚರ್ಮ ತಿರುಗಿದತ್ತಲೇ ಬೆರಳು

ಮತದಾರರ ಗುರುತಿನ ಚೀಟಿಯಲ್ಲಿರುವ ಫೋಟೊ ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ತಿಥಿಗೆ ಅದನ್ನೇ 12x18 ಇಂಚಿಗೆ ಹಿಗ್ಗಿಸಿ, ಹಾರ ಹಾಕುವಂಥ ಮುಖ ಮಾಡಿಕೊಡಬೇಕು. ನಂಜನಗೂಡು, ತಿ. ನರಸೀಪುರದ ಸ್ಟುಡಿಯೊಗಳಿಗೆ ಇಂಥ ಗಿರಾಕಿಗಳು ಹೊಸಬರಲ್ಲ. ಹಳ್ಳಿಯ ಎಷ್ಟೋ ಅಜ್ಜಿಯರಿಗೆ ಆ ಚೀಟಿ ಬಿಟ್ಟರೆ ಬೇರೆ ಫೋಟೊ ಇರುವುದಿಲ್ಲ. ಹಿಗ್ಗಿಸಿದೊಡನೆ ಮುಖವೆಲ್ಲ ಚೌಕಳಿಯಾಗುತ್ತದೆ. ಆಗ ನೆರವಿಗೆ ಬರುವುದು ಫೋಟೊಶಾಪ್‌ನ ಸ್ಮಡ್ಜ್ ಟೂಲ್. ಅದರ ಗುರುತೇ ಚಾಚಿದ ಬೆರಳು.

ನಾನು ನೋಡಹೋದದ್ದು ನಂಜನಗೂಡಿನ ಒಬ್ಬ ಹಿರಿಯ ಡಿಸೈನರನ್ನು. ಹೆಸರು ಹಾಕಬೇಡಿ ಎಂದರು. ಪಕ್ಕದಲ್ಲಿ ತಿ. ನರಸೀಪುರದಿಂದ ಬಸ್ಸಿನಲ್ಲಿ ಬಂದು ಕಲಿಯುವ ಹುಡುಗ. ಅವನ ಮುಂದೆ ಒಬ್ಬ ಅಜ್ಜಿಯ ಮುಖ ತೆರೆದಿತ್ತು. ಮೇಲೊಂದು ಹೊಸ ಲೇಯರ್, ‘ಯೂಸ್ ಆಲ್ ಲೇಯರ್ಸ್’ಗೆ ಟಿಕ್. ಹೀಗೆ ಮಾಡಿದರೆ ಕೆಟ್ಟರೂ ಅಸಲು ಫೋಟೊ ಕೆಳಗೆ ಉಳಿದಿರುತ್ತದೆ.

ಮೌಸ್ ಒತ್ತಿ ಎಳೆದರೆ ಮೊದಲು ತಾಗಿದ ಬಣ್ಣ ಬ್ರಷ್ಷಿನ ಜೊತೆ ಮುಂದಕ್ಕೆ ಹರಿಯುತ್ತದೆ. ಎಷ್ಟು ಹರಿಯಬೇಕೆಂದು ಹೇಳುವುದು ‘ಸ್ಟ್ರೆಂತ್’. ನೂರಕ್ಕಿಟ್ಟರೆ ಮೂಗು ಕೆನ್ನೆಗೆ ಬಂದು ಕೂರುತ್ತದೆ. ಇವರು ಕೆನ್ನೆಗೆ 15, 20 ಸಾಕು ಎನ್ನುತ್ತಾರೆ. ಹುಡುಗ ಕೆನ್ನೆಯನ್ನು ಅಡ್ಡಡ್ಡ ಉಜ್ಜುತ್ತಿದ್ದ.

“ಹಂಗಲ್ಲ ಕಣೋ ಮಗ. ಚರ್ಮ ಎತ್ಲಾಗೆ ತಿರುಗೈತೋ ಅತ್ಲಾಗೇ ಎಳಿ.”

ಹಣೆ ಅಡ್ಡಕ್ಕೆ, ಮೂಗು ಮೇಲಿಂದ ಕೆಳಕ್ಕೆ, ಕೆನ್ನೆ ಸುತ್ತಿಕೊಂಡು. ಕೂದಲಿಗೆ ಚುಕ್ಕೆಚುಕ್ಕೆಯ ಬ್ರಷ್, ಬುಡದಿಂದ ತುದಿಗೆ. ಹುಡುಗ ಗಲ್ಲಕ್ಕಿಳಿದ. ಅಲ್ಲೊಂದು ಹಸಿರು ಮಸುಕು. ನಾಲ್ಕೇ ಉಜ್ಜಿಗೆ ಮಾಯವಾಯಿತು.

“ಅಯ್ಯೋ, ಅದು ಕೊಳೆ ಅಲ್ಲ ಕಣೋ, ಹಚ್ಚೆ! ಅದು ಹೋದ್ರೆ ಮನೆಯೋರು ಇದ್ಯಾರ ಫೋಟೊ ಅಂತಾರೆ.”

“ಗೊತ್ತಾಗ್ಲಿಲ್ಲ ಅಣ್ಣ,” ಎಂದು ಹುಡುಗ ಹಿಸ್ಟರಿಯಲ್ಲಿ ನಾಲ್ಕು ಮೆಟ್ಟಿಲು ಹಿಂದಕ್ಕೆ ಹೋದ. ಹಚ್ಚೆ ಮರಳಿತು. ಸುಕ್ಕುಗಳನ್ನೂ ಪೂರ್ತಿ ಅಳಿಸಲು ಅವರು ಬಿಡಲಿಲ್ಲ.

ಈ ಕಸುಬಿನ ಇತಿಹಾಸ ಅವರ ಬಾಯಲ್ಲಿ ಚುಟುಕು. ಫಿಲಂ ಕಾಲದಲ್ಲಿ ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ಲಿನ ಟಚಿಂಗ್, ಕಪ್ಪುಬಿಳುಪು ಪ್ರಿಂಟಿಗೆ ಹತ್ತಿಯಿಂದ ಬಣ್ಣ. ಫೋಟೊಶಾಪ್ ಹುಟ್ಟಿದ್ದು 1990ರಲ್ಲಿ; ಇವರ ಕಂಪ್ಯೂಟರಿನಲ್ಲಿ ಇಂದಿಗೂ 2002ರ 7.0 ಆವೃತ್ತಿಯೇ. ‘ನುಡಿ’ ತಂತ್ರಾಂಶದ ಕನ್ನಡ ಅಕ್ಷರ ಇದರಲ್ಲಿ ಸಲೀಸು ಎನ್ನುತ್ತಾರೆ. ಕಾಸಿಲ್ಲದೆ ಕಲಿಯುವವರಿಗೆ ಜಿಂಪ್ ಇದೆ, ಅದರಲ್ಲೂ ಸ್ಮಡ್ಜ್ ಇದೆ.

ಅವರ ಆದರ್ಶ ಮಾತ್ರ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿದೆ: ದೀಪ ಹಿಡಿದ ಹೆಂಗಸು, ‘ಗ್ಲೋ ಆಫ್ ಹೋಪ್’. (ರವಿವರ್ಮನದೆಂದು ಅನೇಕರು ಹೇಳುವ ಆ ಚಿತ್ರ ಎಸ್. ಎಲ್. ಹಳದಂಕರ್ ಅವರ ಜಲವರ್ಣ.) ಬೆಳಕು ಮುಖದ ಮೇಲೆ ಎಲ್ಲಿ ಮುಗಿಯಿತೆಂದು ಗೊತ್ತಾಗದಂತೆ ಮುಗಿಯುವುದನ್ನು ಅಲ್ಲಿ ನೋಡಿಕೊಂಡು ಬಾ ಎಂದು ಹುಡುಗನಿಗೆ ಹೇಳಿದ್ದಾರಂತೆ.

ಇದೇ ಟೂಲ್ ಫ್ಲೆಕ್ಸಿಗೆ ಹೋದರೆ ಕಥೆ ಬೇರೆ. ನಂಜನಗೂಡಿನ ದೊಡ್ಡ ಜಾತ್ರೆಗಾಗಲಿ, 1989ರಿಂದ ತಿರುಮಕೂಡಲಿನಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳಕ್ಕಾಗಲಿ ಶುಭ ಕೋರುವ ಮುಖಂಡರೆಲ್ಲ ಬೆಣ್ಣೆ ಸವರಿಕೊಂಡ ಹಾಗೆ ಕಾಣುತ್ತಾರೆ. ಗಿರಾಕಿ ಕೇಳುವುದೇ ಅದನ್ನು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿತು. ಮುಖಂಡರ ಕೆನ್ನೆಯ ಹೊಳಪಿಗೆ ಅದರಿಂದ ಏನೂ ಆಗಲಿಲ್ಲ.

ಈಗ ಫೋನಿನ ಆ್ಯಪ್ ಚಿಟಿಕೆ ಹೊಡೆಯುವುದರೊಳಗೆ ಮುಖ ನುಣುಪು ಮಾಡುತ್ತದೆ. ಗಿರಾಕಿಗಳು ಮನೆಯಲ್ಲೇ ತಿದ್ದಿಕೊಂಡು ಬರೀ ಪ್ರಿಂಟಿಗೆ ಬರುತ್ತಾರೆ. ಹುಡುಗನೂ ಮೈಸೂರಿನಲ್ಲಿ ಮದುವೆ ಆಲ್ಬಂ ಕೆಲಸ ವಿಚಾರಿಸುತ್ತಿದ್ದಾನೆ. ಅವನು ಟೀ ತರಲು ಹೋದಾಗ ಆ ಬಗ್ಗೆ ಹಿರಿಯರನ್ನು ಕೇಳಿದೆ.

“ಹೋಗ್ಲಿ ಬುಡಿ ಸಾರ್, ಅಲ್ಲಿ ಕಾಸು ಜಾಸ್ತಿ. ಕೂದಲು ಒಂದ್ ಸರಿಯಾಗಿ ಕಲ್ತ್ಕೊಂಡು ಹೋಗ್ಲಿ, ಅಷ್ಟೇಯ.”