ವರ್ತಕರ ಗೃಹಸಾಲಕ್ಕೆ ಲೆಕ್ಕಪತ್ರವೇ ಆಧಾರ

ಭದ್ರಾವತಿಯಲ್ಲಿ ಒಂದು ಕಾಲಕ್ಕೆ ಕಾರ್ಖಾನೆಯ ಸಂಬಳದ ಚೀಟಿಯೊಂದಿದ್ದರೆ ಬಾಡಿಗೆ ಮನೆಗೂ ಗೃಹಸಾಲಕ್ಕೂ ಬೇರೆ ಪರಿಚಯ ಬೇಕಿರಲಿಲ್ಲ. 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಉತ್ಪಾದನೆ 2016ರ ವೇಳೆಗೆ ನಿಂತುಹೋಯಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಪ್ರಕಟವಾಗಿ, ಅದೇ ವರ್ಷ ಉತ್ಪಾದನೆ ಭಾಗಶಃ ಪುನರಾರಂಭಗೊಂಡಿತು. ಸಂಬಳದ ಆಸರೆ ಕುಗ್ಗಿದಂತೆ ಸ್ವಂತ ದುಡಿಮೆಯನ್ನೇ ನೆಚ್ಚಿ ಮನೆ ಕಟ್ಟಬೇಕಾದ ಕುಟುಂಬಗಳು ಹೆಚ್ಚಿವೆ. ಗಾಂಧಿ ಬಜಾರಿನ ವರ್ತಕರಿಗಾಗಲಿ, ಮಾಚೇನಹಳ್ಳಿಯ ಸಣ್ಣ ಘಟಕದ ಮಾಲೀಕರಿಗಾಗಲಿ ಸಂಬಳದ ಚೀಟಿ ಇಲ್ಲ. ಅವರ ಗಳಿಕೆಗೆ ಆದಾಯ ತೆರಿಗೆ ರಿಟರ್ನ್ ಮತ್ತು ಬ್ಯಾಂಕ್ ಖಾತೆಗಳೇ ಸಾಕ್ಷಿ.

ತೊಡಕು ಇರುವುದು ಇಲ್ಲಿಯೇ. ವಾರ್ಷಿಕ 40 ಲಕ್ಷ ರೂಪಾಯಿ ವಹಿವಾಟಿನ ವರ್ತಕರೊಬ್ಬರು ಅಂದಾಜು ಆದಾಯ ಪದ್ಧತಿಯಂತೆ ಶೇ. 8ರ ಲಾಭ ತೋರಿಸಿದರೆ ಆದಾಯ 3.20 ಲಕ್ಷ ರೂ. ತಿಂಗಳಿಗೆ ಸುಮಾರು 26,600 ರೂ. ಅದರಲ್ಲಿ ಅರ್ಧವನ್ನು ಕಂತಿಗೆ ಎಣಿಸಿದರೂ, ಶೇ. 9ರ ಬಡ್ಡಿಯಲ್ಲಿ 20 ವರ್ಷದ ಅವಧಿಗೆ ದೊರೆಯುವ ಸಾಲ 15 ಲಕ್ಷ ರೂ. ಮುಟ್ಟುವುದಿಲ್ಲ. ಜೊತೆಗೆ 6,000 ರೂ.ಗಳ ವಾಹನ ಸಾಲದ ಕಂತಿದ್ದರೆ ಅದು 8 ಲಕ್ಷದ ಆಸುಪಾಸಿಗೆ ಇಳಿಯುತ್ತದೆ. ನಿಜವಾದ ಲಾಭ 6 ಲಕ್ಷ ರೂ. ಇದ್ದು ಅಷ್ಟನ್ನೂ ತೋರಿಸಿದ್ದರೆ, ಬೇರೆ ಕಂತಿಲ್ಲದಿದ್ದಲ್ಲಿ, 27 ಲಕ್ಷದವರೆಗೆ ಅರ್ಹತೆ ಬರುತ್ತಿತ್ತು. ಶೇ. 8 ಎಂಬುದು ಕನಿಷ್ಠ ಮಿತಿ ಮಾತ್ರ. ಹೆಚ್ಚು ಗಳಿಸಿದವರು ಹೆಚ್ಚನ್ನೇ ತೋರಿಸಬೇಕೆಂಬುದು ಕಾನೂನು. ಹೊಸ ತೆರಿಗೆ ಪದ್ಧತಿಯಲ್ಲಿ 2025–26ರಿಂದ 12 ಲಕ್ಷ ರೂ.ವರೆಗಿನ ವ್ಯಾಪಾರದ ಆದಾಯಕ್ಕೆ ತೆರಿಗೆ ಬೀಳದಿರುವಾಗ, ಗಳಿಕೆ ಮರೆಮಾಚುವುದರಿಂದ ಉಳಿತಾಯವೂ ಇಲ್ಲ, ಸಾಲವೂ ಇಲ್ಲ. ಬ್ಯಾಂಕುಗಳು ಸಾಮಾನ್ಯವಾಗಿ ಎರಡು-ಮೂರು ವರ್ಷಗಳ ರಿಟರ್ನ್ ಕೇಳುವುದರಿಂದ ಈ ಸಿದ್ಧತೆ ಮುಂಚಿತವಾಗಿಯೇ ಆಗಬೇಕು. ದುಡಿಯುವ ಪತ್ನಿ ಅಥವಾ ಮಗ ಸಹ-ಅರ್ಜಿದಾರರಾದರೆ ಅವರ ಆದಾಯವೂ ಲೆಕ್ಕಕ್ಕೆ ಸೇರುತ್ತದೆ.

ಎರಡನೆಯದು ಸಾಲದ ಚರಿತ್ರೆ. ಸಿಬಿಲ್ ಅಂಕ 300ರಿಂದ 900ರವರೆಗೆ ಇರುತ್ತದೆ. ರಾಜಿಯಲ್ಲಿ ಕಡಿಮೆ ಹಣ ಕಟ್ಟಿ ಮುಗಿಸಿದ ಸಾಲ ವರದಿಯಲ್ಲಿ ಪೂರ್ಣ ತೀರಿದ ಸಾಲವೆಂದು ಕಾಣುವುದಿಲ್ಲ. ಸ್ನೇಹಕ್ಕೆ ಕಟ್ಟುಬಿದ್ದು ಹಾಕಿದ ಜಾಮೀನು ಸಹಿಯೂ ಹೊರೆಯೇ. 1872ರ ಕರಾರು ಕಾಯಿದೆಯ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಪ್ರತಿ ಸಾಲ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ನೀಡಬೇಕು. ತಪ್ಪಿನ ಬಗ್ಗೆ ಸಲ್ಲಿಸಿದ ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂ. ಪರಿಹಾರ ನೀಡುವ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಹಿಂದೆ ಸಾಲವನ್ನೇ ಮಾಡದವರ ಅರ್ಜಿಯನ್ನು ಆ ಒಂದೇ ಕಾರಣಕ್ಕೆ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸೂಚಿಸಿದೆ.

ಬಾಡಿಗೆದಾರರೂ ಇದನ್ನು ಗಮನಿಸಬೇಕು. ಕೈಯಲ್ಲಿ ಕೊಟ್ಟ ಬಾಡಿಗೆ ಮರೆತುಹೋಗುತ್ತದೆ; ಕರಾರು ಮಾಡಿಕೊಂಡು ಖಾತೆಯ ಮೂಲಕ ಕಟ್ಟಿದ ಬಾಡಿಗೆ, ತಿಂಗಳು ತಪ್ಪದೆ ಕಂತು ಕಟ್ಟುವ ಶಕ್ತಿಗೆ ಪುರಾವೆಯಾಗಿ ಉಳಿಯುತ್ತದೆ. ಮುಂದೆ ಮತ್ತೊಂದು ಮನೆ ಬಾಡಿಗೆಗೆ ಕೇಳುವಾಗಲೂ ಅದು ನೆರವಾದೀತು.

ಸಾಲ ಮಂಜೂರಾದರೂ ಮನೆಯ ಪೂರ್ಣ ಬೆಲೆ ದೊರೆಯುವುದಿಲ್ಲ. 30 ಲಕ್ಷ ರೂ.ವರೆಗಿನ ಸಾಲಕ್ಕೆ ಆಸ್ತಿ ಮೌಲ್ಯದ ಶೇ. 90 ಗರಿಷ್ಠ ಮಿತಿ. ಉಳಿದದ್ದು ಕೈಯಿಂದ ಹೋಗಬೇಕು. ದಿನದ ಗಲ್ಲಾಪೆಟ್ಟಿಗೆಯ ಹಣವನ್ನು ತಪ್ಪದೆ ಖಾತೆಗೆ ಜಮೆ ಮಾಡುವ ವರ್ತಕರಿಗೆ ಆ ಉಳಿತಾಯವೂ, ಬ್ಯಾಂಕಿನ ಮುಂದಿಡಬೇಕಾದ ದಾಖಲೆಯೂ ಒಟ್ಟಿಗೇ ಸಿದ್ಧವಾಗುತ್ತವೆ.