ಇಂಜಿನ್ ಮೌಂಟ್: ಹಿಡಿದೂ ಹಿಡಿಯದ ಹಾಗೆ ಹಿಡಿಯುವ ರಬ್ಬರ್

ಇವತ್ತಿನ ಸಂಚಿಕೆ ಕೇಳುಗರೊಬ್ಬರು ಕಳಿಸಿದ ಪ್ರಶ್ನೆಯಿಂದ ಹುಟ್ಟಿದ್ದು. ಅವರ ಹತ್ತಿರ ಮೊದಲ ತಲೆಮಾರಿನ ಮಾಜ್ದಾ ಮಿಯಾಟಾ ಇದೆ. ಎರಡೇ ಸೀಟಿನ, ಛಾವಣಿ ಮಡಚಿಡಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಯುರೋಪಿನಲ್ಲಿರೋರಿಗೆ ಇದು ಎಂಎಕ್ಸ್-5 ಅಂತ ಗೊತ್ತು. ಸಿಗ್ನಲ್‌ನಲ್ಲಿ ನಿಂತಾಗ ಸ್ಟೇರಿಂಗ್ ನಡುಗುತ್ತೆ, ಕ್ಲಚ್ ಬಿಟ್ಟಾಗ ಎಲ್ಲೋ ‘ಧಡ್’ ಅನ್ನುತ್ತೆ. ಒಂದು ಗ್ಯಾರೇಜಿನವರು ಸ್ಪಾರ್ಕ್ ಪ್ಲಗ್ ನೋಡಬೇಕು ಅಂದರಂತೆ, ಇನ್ನೊಬ್ಬರು ಇಂಜಿನ್ ಮೌಂಟ್ ಹೋಗಿದೆ ಅಂದರಂತೆ. ಯಾರ ಮಾತು ನಂಬೋದು?

ಇಲ್ಲಿ ಒಂದು ಒಳ್ಳೆಯ ಸುದ್ದಿ ಇದೆ. ನಡುಕಕ್ಕೂ ಒಂದು ಭಾಷೆ ಇದೆ, ಅದನ್ನ ಸ್ವಲ್ಪ ಕಲಿತರೆ ಉತ್ತರವನ್ನು ಕಾರೇ ಹೇಳುತ್ತೆ.

ಮೊದಲು ಮೌಂಟ್ ಅಂದ್ರೇನು ನೋಡೋಣ. ಇಂಜಿನ್ನನ್ನು ಕಾರಿನ ಚೌಕಟ್ಟಿಗೆ ನೇರವಾಗಿ ಬೋಲ್ಟ್ ಹಾಕಿ ಬಿಗಿಯೋದಿಲ್ಲ. ನಡುವೆ ರಬ್ಬರ್ ಇರುತ್ತೆ. ಎರಡು ಲೋಹದ ತಟ್ಟೆಗಳ ಮಧ್ಯೆ ಅಂಟಿಸಿದ ದಪ್ಪ ರಬ್ಬರ್ ತುಂಡು, ಅಷ್ಟೇ. 1931ರಲ್ಲಿ ಕ್ರೈಸ್ಲರ್ ಕಂಪನಿ ತನ್ನ ಪ್ಲಿಮತ್ ಕಾರಿನಲ್ಲಿ ಇಂಥ ರಬ್ಬರ್ ಜೋಡಣೆಯನ್ನು ‘ಫ್ಲೋಟಿಂಗ್ ಪವರ್’ ಅಂತ ಹೆಸರಿಟ್ಟು ಜಾಹೀರಾತು ಮಾಡಿತು. ತೇಲುವ ಶಕ್ತಿ! ಫ್ರಾನ್ಸಿನ ಸಿಟ್ರೋಯೆನ್ ಕಂಪನಿ ಅದರ ಹಕ್ಕನ್ನು ಪಡೆದುಕೊಂಡಿತು.

ಈ ರಬ್ಬರ್ ತುಂಡಿನ ಮೇಲೆ ಎರಡು ಜವಾಬ್ದಾರಿ ಇದೆ, ಎರಡೂ ಒಂದಕ್ಕೊಂದು ವಿರುದ್ಧ. ಒಂದು, ಇಂಜಿನ್ ಅಲುಗಾಡದ ಹಾಗೆ ಗಟ್ಟಿಯಾಗಿ ಹಿಡೀಬೇಕು. ಇನ್ನೊಂದು, ಇಂಜಿನ್ನಿನ ನಡುಕ ನಮ್ಮವರೆಗೂ ಬಾರದ ಹಾಗೆ ಸಡಿಲ ಬಿಡಬೇಕು.

ಸಡಿಲದ ಲೆಕ್ಕ ಮೊದಲು. ಮಿಯಾಟಾದ ಇಂಜಿನ್ ನಿಂತಲ್ಲೇ ಓಡುವಾಗ ನಿಮಿಷಕ್ಕೆ ಸುಮಾರು 850 ಸುತ್ತು ತಿರುಗುತ್ತೆ. ನಾಲ್ಕು ಸಿಲಿಂಡರ್ ಇರೋದರಿಂದ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಯುತ್ತೆ. ಅಂದ್ರೆ ಸೆಕೆಂಡಿಗೆ ಸುಮಾರು 28 ತಳ್ಳು, 28 ಹರ್ಟ್ಸ್. ಉಯ್ಯಾಲೆಗೆ ಹೇಗೆ ತನ್ನದೇ ಆದ ಒಂದು ಲಯ ಇದೆಯೋ ಹಾಗೆ ರಬ್ಬರ್ ಮೇಲೆ ಕೂತ ಇಂಜಿನ್ನಿಗೂ ಒಂದು ಸಹಜ ಲಯ ಇದೆ. ಹೊರಗಿನ ತಳ್ಳು ಆ ಲಯಕ್ಕಿಂತ 1.41 ಪಟ್ಟಿಗೂ ವೇಗವಾಗಿದ್ದರೆ ಮಾತ್ರ ಮೌಂಟ್ ಅದನ್ನು ತಡೆಯೋಕೆ ಶುರು ಮಾಡುತ್ತೆ. ಹಾಗಾಗಿ 28 ಹರ್ಟ್ಸ್ ತಡೀಬೇಕಾದರೆ ಇಂಜಿನ್ನಿನ ಸಹಜ ಲಯ 20ಕ್ಕಿಂತ ಸಾಕಷ್ಟು ಕೆಳಗಿರಬೇಕು. ಉದಾಹರಣೆಗೆ 14 ಅಂತಿಟ್ಟುಕೊಳ್ಳಿ. ವರ್ಷಗಳು ಕಳೆದು ರಬ್ಬರ್ ಎರಡು ಪಟ್ಟು ಗಡುಸಾಯಿತು ಅಂದ್ರೆ ಆ 14 ಹೋಗಿ 20 ಆಗುತ್ತೆ. ಅಲ್ಲಿಗೆ ಮೌಂಟ್ ಇದ್ದೂ ಇಲ್ಲದ ಹಾಗೆ. ನೋಡೋಕೆ ಒಂದು ಬಿರುಕೂ ಕಾಣಿಸೋದಿಲ್ಲ, ಆದರೆ ಸ್ಟೇರಿಂಗ್ ನಡುಗುತ್ತೆ.

ಈಗ ಹಿಡಿಯುವ ಲೆಕ್ಕ. 1.6 ಲೀಟರ್ ಮಿಯಾಟಾ ಇಂಜಿನ್ನಿನ ಗರಿಷ್ಠ ತಿರುಚು ಬಲ, ಅಂದ್ರೆ ಟಾರ್ಕ್, ಸುಮಾರು 136 ನ್ಯೂಟನ್ ಮೀಟರ್. ಮೌಂಟ್ ತಡೆಯಬೇಕಾದ್ದು ಇಷ್ಟೇ ಅಂತ ಅನ್ನಿಸಬಹುದು. ಅಲ್ಲ! ಇಂಜಿನ್ ಮತ್ತು ಗೇರ್‌ಬಾಕ್ಸ್ ಒಂದೇ ಗಡ್ಡೆಯಾಗಿ ಸೇರಿಕೊಂಡಿವೆ. ಮೊದಲ ಗೇರಿನಲ್ಲಿ ಆ ಬಲ 3.136 ಪಟ್ಟಾಗಿ ಹೊರಗೆ ಬರುತ್ತೆ, ಹತ್ತಿರ ಹತ್ತಿರ 426 ನ್ಯೂಟನ್ ಮೀಟರ್. ಕ್ರಿಯೆಗೆ ಪ್ರತಿಕ್ರಿಯೆ ಅಂತ ಶಾಲೆಯಲ್ಲಿ ಕಲಿತಿದ್ದೀವಲ್ಲ, ಅಷ್ಟೇ ಬಲ ಇಡೀ ಗಡ್ಡೆಯನ್ನು ಉಲ್ಟಾ ತಿರುಚೋಕೆ ನೋಡುತ್ತೆ. ಎರಡು ಮೌಂಟ್‌ಗಳ ನಡುವೆ ಅರ್ಧ ಮೀಟರ್ ಅಂತಿಟ್ಟುಕೊಂಡರೆ ಒಂದು ಬದಿಯ ಮೌಂಟನ್ನು ಸುಮಾರು 87 ಕಿಲೋ ತೂಕದಷ್ಟು ಬಲ ಮೇಲಕ್ಕೆ ಎಳೆಯುತ್ತೆ, ಇನ್ನೊಂದು ಬದಿಯನ್ನು ಅಷ್ಟೇ ಬಲ ಕೆಳಕ್ಕೆ ಒತ್ತುತ್ತೆ. ಮಿಯಾಟಾದಲ್ಲಿ ಇನ್ನೊಂದು ವಿಶೇಷ ಇದೆ. ಗೇರ್‌ಬಾಕ್ಸಿಗೆ ಬೇರೆ ಮೌಂಟೇ ಇಲ್ಲ. ಅದನ್ನು ಹಿಂದಿನ ಡಿಫರೆನ್ಷಿಯಲ್ ಜೊತೆ ಒಂದು ಉದ್ದನೆಯ ಅಲ್ಯೂಮಿನಿಯಂ ಚೌಕಟ್ಟು ಜೋಡಿಸುತ್ತೆ. ಹಾಗಾಗಿ ಮುಂದೆ ಇರೋ ಎರಡೇ ಎರಡು ಮೌಂಟ್‌ಗಳ ಮೇಲೆ ಬಹುಪಾಲು ಭಾರ.

ರಬ್ಬರ್ ಯಾಕೆ ಕೆಡುತ್ತೆ? ಸುಳ್ಯ, ಪುತ್ತೂರು ಕಡೆಯವರಿಗೆ ರಬ್ಬರ್ ಮರದ ಹಾಲು ಹೊಸದಲ್ಲ. ಆ ಹಾಲಿನಿಂದ ಬರುವ ನೈಸರ್ಗಿಕ ರಬ್ಬರೇ ಇವತ್ತಿಗೂ ಮೌಂಟ್‌ಗಳಲ್ಲಿ ಹೆಚ್ಚು ಬಳಕೆ. ಗಂಧಕ ಸೇರಿಸಿ ಕಾಯಿಸಿದಾಗ ಅದರ ಉದ್ದುದ್ದ ಅಣುಸರಪಳಿಗಳ ನಡುವೆ ಕೊಂಡಿಗಳು ಬೀಳುತ್ತವೆ, ರಬ್ಬರಿಗೆ ಪುಟಿಯುವ ಗುಣ ಬರುತ್ತೆ. ಬಾನೆಟ್ ಕೆಳಗಿನ ಬಿಸಿ, ಗಾಳಿಯ ಆಮ್ಲಜನಕ ಸೇರಿ ವರ್ಷಾನುಗಟ್ಟಲೆ ಇನ್ನಷ್ಟು ಕೊಂಡಿ ಹಾಕುತ್ತಾ ಹೋಗುತ್ತವೆ. ರಬ್ಬರ್ ಗಡುಸಾಗುತ್ತೆ, ಆಮೇಲೆ ಬಿರಿಯುತ್ತೆ. ಮೇಲಿನಿಂದ ಆಯಿಲ್ ಸೋರಿದರೆ ಆಗೋದೇ ಬೇರೆ: ರಬ್ಬರ್ ಅದನ್ನು ಹೀರಿ, ಉಬ್ಬಿ, ಮೆತ್ತಗಾಗಿ, ಲೋಹದಿಂದ ಬಿಟ್ಟುಕೊಳ್ಳುತ್ತೆ. ಅದಕ್ಕೇ ಸೋರಿಕೆ ನಿಲ್ಲಿಸದೆ ಹೊಸ ಮೌಂಟ್ ಹಾಕಿಸೋದು ದಂಡ.

ಹೀಗಾಗಿ ಒಂದೇ ಭಾಗ ಎರಡು ರೀತಿಯಲ್ಲಿ ಸೋಲುತ್ತೆ, ಎರಡಕ್ಕೂ ಲಕ್ಷಣ ಬೇರೆ. ಗಡುಸಾದರೆ ನಿಂತಾಗ ನಡುಕ. ಹರಿದರೆ ಕ್ಲಚ್ ಬಿಟ್ಟಾಗ, ಆಕ್ಸಿಲರೇಟರ್ ಒತ್ತಿ ಬಿಟ್ಟಾಗ ‘ಧಡ್’, ಜೊತೆಗೆ ಗೇರ್ ಲಿವರ್ ತಾನೇ ಜಿಗಿಯೋದು. ಒಂದು ಎಚ್ಚರಿಕೆ: ಚಳಿಯಲ್ಲಿ ಎಲ್ಲ ರಬ್ಬರೂ ತಾತ್ಕಾಲಿಕವಾಗಿ ಗಡುಸಾಗುತ್ತೆ. ಮಿಷಿಗನ್‌ನ ಜನವರಿ ಬೆಳಿಗ್ಗೆ ನಡುಗಿ, ಇಂಜಿನ್ ಬಿಸಿಯಾದ ಮೇಲೆ ಸುಮ್ಮನಾಗುವ ಕಾರಿನ ಮೌಂಟ್ ಬದಲಾಯಿಸೋಕೆ ಅವಸರ ಬೇಡ.

ಹಾಗಾದರೆ ಸ್ಪಾರ್ಕ್ ಪ್ಲಗ್ಗಾ, ಮೌಂಟಾ? ಒಂದು ಸಿಲಿಂಡರ್ ಮಾತ್ರ ಸರಿಯಾಗಿ ಉರಿಯದೆ ಹೋದರೆ ಆ ತಪ್ಪು ಎರಡು ಸುತ್ತಿಗೊಮ್ಮೆ ಮರುಕಳಿಸುತ್ತೆ. 850 ಸುತ್ತಿನ ಲೆಕ್ಕದಲ್ಲಿ ಸೆಕೆಂಡಿಗೆ ಸುಮಾರು 7 ಸಲ. ಮೌಂಟ್ ಗಡುಸಾಗಿದ್ದರೆ 28ರ ನಡುಕ ಬಲವಾಗಿ ಕಾಣುತ್ತೆ. 7 ಅಂದ್ರೆ ಕುಲುಕಾಟ, 28 ಅಂದ್ರೆ ಗುಂಯ್‌ಗುಡುವ ನಡುಕ. ಕೈಗೇ ವ್ಯತ್ಯಾಸ ಗೊತ್ತಾಗುತ್ತೆ. ಇನ್ನೂ ಖಚಿತ ಬೇಕಾದರೆ ಜರ್ಮನಿಯ ಆಖೆನ್ ನಗರದ ಆರ್‌ಡಬ್ಲ್ಯುಟಿಎಚ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಅನ್ನೋ ಉಚಿತ ಆ್ಯಪ್ ಇದೆ. ಫೋನನ್ನು ಡ್ಯಾಶ್‌ಬೋರ್ಡಿಗೆ ಭದ್ರವಾಗಿ ಒತ್ತಿಟ್ಟು, ನಿಂತ ಕಾರಿನಲ್ಲಿ ಕಂಪನದ ಸ್ಪೆಕ್ಟ್ರಮ್ ನೋಡಿ. ಶಿಖರ 7ರ ಹತ್ತಿರ ಇದ್ದರೆ ಮೊದಲು ಪ್ಲಗ್, ವೈರ್, ಕಾಯಿಲ್ ನೋಡಿಸಿ. 28ರಲ್ಲಿ ಮಾತ್ರ ಎದ್ದು ನಿಂತಿದ್ದರೆ ಇಂಜಿನ್ 850ಕ್ಕಿಂತ ನಿಧಾನ ಓಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು ಮೌಂಟ್ ಕಡೆ ತಿರುಗಿ.

ಹರಿದಿದೆಯಾ ಅಂತ ನೋಡೋದು ಇನ್ನೂ ಸುಲಭ. ಇಂಜಿನ್ ಆರಿಸಿ, ತಣ್ಣಗಾದ ಮೇಲೆ ಟಾರ್ಚ್ ಹಾಕಿ ರಬ್ಬರ್ ಮತ್ತು ಲೋಹ ಸೇರುವ ಗೆರೆ ನೋಡಿ. ಜಾಕ್ ಮೇಲೆ ಮರದ ಹಲಗೆ ಇಟ್ಟು ಇಂಜಿನ್ನನ್ನು ಒಂದಿಷ್ಟೇ ಎತ್ತಿದಾಗ ಅಲ್ಲಿ ಬಾಯಿ ಬಿಟ್ಟುಕೊಂಡರೆ ಮೌಂಟ್ ಮುಗಿದಿದೆ.

“ಸ್ವಲ್ಪ ಸದ್ದು ತಾನೇ, ಓಡಿಸಿದರಾಯ್ತು” ಅನ್ನೋರಿಗೆ ಒಂದು ಇತಿಹಾಸ. 1971ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿ ಸುಮಾರು 67 ಲಕ್ಷ ಷೆವ್ರೊಲೆ ವಾಹನಗಳನ್ನು ವಾಪಸ್ ಕರೆಯಬೇಕಾಯಿತು. ಹೆಸರಾಂತ ಕಮಾರೋ ಕೂಡ ಆ ಪಟ್ಟಿಯಲ್ಲಿತ್ತು. ಕಾರಣ ಇಂಜಿನ್ ಮೌಂಟ್. ಎಡಗಡೆಯ ಮೌಂಟ್ ಹರಿದ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಎಡಕ್ಕೆ ಮೇಲೇಳುತ್ತಿತ್ತು. ಎದ್ದಾಗ ಥ್ರಾಟಲ್ ಕೊಂಡಿಯನ್ನು ಎಳೆಯುತ್ತಿತ್ತು. ಥ್ರಾಟಲ್ ಇನ್ನಷ್ಟು ತೆರೆದು ಇಂಜಿನ್ ಇನ್ನಷ್ಟು ಏಳುತ್ತಿತ್ತು. ಬ್ರೇಕಿಗೆ ಸಹಾಯ ಮಾಡುವ ನಿರ್ವಾತದ ಕೊಳವೆ ಕಿತ್ತುಬರುವ ಅಪಾಯವೂ ಇತ್ತು. ಪರಿಹಾರ? ಇಂಜಿನ್ ಮೇಲೇಳದ ಹಾಗೆ ಕಟ್ಟಿಹಾಕುವ ಒಂದು ಉಕ್ಕಿನ ಕೇಬಲ್! ಇವತ್ತಿನ ಕಾರುಗಳಲ್ಲಿ ಅಷ್ಟು ಅಪಾಯ ಇಲ್ಲ. ಆದರೂ ಅಲುಗಾಡುವ ಇಂಜಿನ್ ಹೋಸ್, ವೈರ್, ಎಕ್ಸಾಸ್ಟ್ ಪೈಪುಗಳನ್ನು ಎಳೆದಾಡುತ್ತಲೇ ಇರುತ್ತೆ.

ಬದಲಾಯಿಸುವ ಕೆಲಸ ಕಷ್ಟದ್ದಲ್ಲ, ತಾಳ್ಮೆಯದ್ದು. ಸಮತಟ್ಟು ನೆಲ, ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿಡೋದು, ಕಾರು ಗಟ್ಟಿಯಾದ ಜಾಕ್ ಸ್ಟ್ಯಾಂಡ್‌ಗಳ ಮೇಲೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಲೇಬೇಡಿ. ಇನ್ನೊಂದು ಜಾಕಿನ ಮೇಲೆ ಅಗಲವಾದ ಹಲಗೆ ಇಟ್ಟು ಇಂಜಿನ್ನಿನ ಭಾರ ಹೊರಿಸಿ. ಒಂದು ಸಲಕ್ಕೆ ಒಂದೇ ಬದಿ ಬಿಚ್ಚಿ. ಎತ್ತುವಾಗ ರೇಡಿಯೇಟರ್ ಫ್ಯಾನ್, ಹೋಸುಗಳ ಮೇಲೆ ಕಣ್ಣಿರಲಿ. ಹೊಸ ಮೌಂಟ್ ಕೂರಿಸಿ ಬೋಲ್ಟುಗಳನ್ನು ಕೈಯಲ್ಲೇ ಹಿಡಿಸಿ, ಇಂಜಿನ್ನನ್ನು ಇಳಿಸಿ ಅದರ ಭಾರ ಪೂರ್ತಿ ಮೌಂಟ್ ಮೇಲೆ ಬಂದ ಮೇಲೆ ಮ್ಯಾನ್ಯುಯಲ್ ಹೇಳಿದಷ್ಟು ಟಾರ್ಕ್ ಕೊಟ್ಟು ಬಿಗಿಯಿರಿ. ಮೊದಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿಯುತ್ತೆ, ಬೇಗ ಹರಿಯುತ್ತೆ. ಒಂದು ಹೋಗಿದ್ದರೂ ಎರಡನ್ನೂ ಬದಲಾಯಿಸಿ. ಎರಡಕ್ಕೂ ಒಂದೇ ವಯಸ್ಸು.

ಕೊನೆಗೆ ಅಂಗಡಿಯ ಆಮಿಷ. ಸ್ಪೋರ್ಟ್ಸ್ ಕಾರು ಅಂದಕೂಡಲೇ ಪಾಲಿಯುರೇಥೇನಿನ ಗಡುಸು ಮೌಂಟ್ ತೋರಿಸ್ತಾರೆ. ರೇಸ್ ಟ್ರ್ಯಾಕಿಗೆ ಅದು ಸರಿ, ಇಂಜಿನ್ ಅಲುಗಾಡೋದಿಲ್ಲ, ಗೇರ್ ಚುರುಕಾಗಿ ಬೀಳುತ್ತೆ. ಆದರೆ ಆಗಲೇ ಮಾಡಿದ ಲೆಕ್ಕ ನೆನಪಿಸಿಕೊಳ್ಳಿ: ಗಡುಸಾದಷ್ಟೂ ಆ 28 ಹರ್ಟ್ಸ್ ನಿಮ್ಮ ಬೆನ್ನಿಗೇ ಬರುತ್ತೆ. ದಿನಾ ಆಫೀಸಿಗೆ ಹೋಗೋ ಕಾರಿಗೆ ಕಂಪನಿಯ ಮೂಲ ರಬ್ಬರೇ ಸಾಕು. ಹಣವುಳ್ಳ ಕಾರುಗಳಿಗೆ ಮೂರನೆಯ ದಾರಿಯೂ ಇದೆ. ಪೋರ್ಷೆ ಕಂಪನಿ ತನ್ನ 911 ಜಿಟಿ3ಯಲ್ಲಿ ಕಬ್ಬಿಣದ ಸಣ್ಣ ಕಣಗಳು ತೇಲುವ ದ್ರವ ತುಂಬಿದ ಮೌಂಟ್ ತಂದಿತು. ಕಾಂತಕ್ಷೇತ್ರ ಕೊಟ್ಟಕೂಡಲೇ ದ್ರವ ಗಟ್ಟಿಯಾಗುತ್ತೆ, ತೆಗೆದರೆ ಮೆತ್ತಗಾಗುತ್ತೆ. ಹಿಡಿಯೋ ಹೊತ್ತಿಗೆ ಹಿಡಿದು, ಬಿಡೋ ಹೊತ್ತಿಗೆ ಬಿಡೋದು. ಮಿಯಾಟಾದ ರಬ್ಬರ್ ಅದೇ ಕೆಲಸವನ್ನು ಬಾಯಿಮುಚ್ಚಿಕೊಂಡು ವರ್ಷಾನುಗಟ್ಟಲೆ ಮಾಡುತ್ತೆ. ಅದು ಬಾಯಿ ಬಿಟ್ಟ ದಿನ ಮಾತ್ರ ಕಿವಿಗೊಡಿ.

ನಿಮ್ಮ ಕಾರಿನ ಸ್ಪೆಕ್ಟ್ರಮ್ ಎಷ್ಟು ಹರ್ಟ್ಸ್ ತೋರಿಸ್ತು ಅಂತ ನಮಗೆ ಬರೆದು ತಿಳಿಸಿ.